ಸೂರ್ಯನ ಬೆಳಕು ಬಂತೆಂದು ಹೇಳುವವರು

ಹೊರಗೆ ಈಗಷ್ಟೇ ನಸುಕು ಹರಿಯುತ್ತಿದೆ. ತಾರಾಲಯದ ಗುಮ್ಮಟದೊಳಗೆ ಮಾತ್ರ ಎಂದಿನ ಅದೇ ಕತ್ತಲು. ಟಾರ್ಚನ್ನು ಕಂಕುಳಲ್ಲಿ ಇರುಕಿಸಿಕೊಂಡ ಹೆಂಗಸೊಬ್ಬರು ಕುರ್ಚಿಗಳ ಅಡಿಗೆ ಅಂಟಿದ ಚ್ಯೂಯಿಂಗ್ ಗಮ್ ಕೆರೆದು ತೆಗೆಯುತ್ತಿದ್ದಾರೆ. ಆಮೇಲೆ ಪ್ರೊಜೆಕ್ಟರಿನ ಧೂಳು ಒರೆಸಿ, ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ, ಗಂಟಲು ಸರಿಮಾಡಿಕೊಳ್ಳುತ್ತಾರೆ. ಸರಿಯಾಗುವುದಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಆಕಾಶ ತೋರಿಸಿ ವಿವರಣೆ ಹೇಳುವವರು ಇವರೇ. ದಿನಕ್ಕೆ ಐದು ಪ್ರದರ್ಶನ. ಶಾಲಾ ಮಕ್ಕಳು ಇಟ್ಟ ಹೆಸರು ಕತ್ತಲಮ್ಮ. ಮೈಕು ಕೆಟ್ಟ ದಿನಗಳಲ್ಲಿ ಬರಿಗಂಟಲಲ್ಲೇ ಗುಮ್ಮಟ ತುಂಬಿಸಿದ್ದಾರೆ. ಈಗ ಗಂಟಲೊಳಗೆ ಸಣ್ಣದೊಂದು ಗಂಟು ಎದ್ದಿದೆ. ಮಾತು ಕಡಿಮೆ ಮಾಡಿ ಎಂದಿದ್ದಾರೆ ವೈದ್ಯರು. ಇದ್ದಬದ್ದ ದನಿಯನ್ನು ಕೆಲಸಕ್ಕೆಂದು ಉಳಿಸಿಕೊಂಡು ಮನೆಯಲ್ಲಿ ಬರೀ ಕೈಸನ್ನೆ.

"ನಮ್ಮತ್ತೆಗೆ ಮೊದಮೊದಲು ಖುಷಿಯೋ ಖುಷಿ. ಈಗ ಅವರೇ, ಒಂದ್ಸಲ ಜಗಳನಾದ್ರೂ ಆಡೇ, ಮನೆ ಬಿಕೋ ಅನ್ನುತ್ತೆ ಅಂತಾರೆ," ಎಂದು ಪಿಸುದನಿಯಲ್ಲಿ ನಗುತ್ತಾರೆ.

ಅವರ ಪ್ರದರ್ಶನದಲ್ಲಿ ಹಿತ್ತಾಳೆಯ ಪುಟ್ಟ ಗಂಟೆಯೊಂದಿದೆ. ಆರಂಭದಲ್ಲೇ ಸೂರ್ಯನನ್ನು ತೋರಿಸಿ, "ಇಗೋ, ಈಗ ಅಲ್ಲಿಂದ ಬೆಳಕು ಹೊರಡ್ತು, ನೆನಪಿರಲಿ," ಎನ್ನುತ್ತಾರೆ. ಆಮೇಲೆ ಚಂದ್ರ, ಗ್ರಹಗಳು, ಧೂಮಕೇತು. ಮಕ್ಕಳು ಮರೆತೇಬಿಡುತ್ತಾರೆ. ಎಂಟು ನಿಮಿಷ ದಾಟಿ ತುಸು ಹೊತ್ತಿಗೆ, ಮಾತಿನ ನಡುವೆಯೇ ಗಂಟೆ ಬಾರಿಸುತ್ತಾರೆ. "ಆಗ ಹೊರಟಿದ್ದು ಈಗ ಬಂತು." ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಎಂದರೆ ಆಕಳಿಸುವ ಮಕ್ಕಳು, ತಾವು ಕಾಲಾಡಿಸುತ್ತ ಕೂತಿದ್ದಷ್ಟು ಹೊತ್ತೂ ಬೆಳಕು ಬಟಾಬಯಲಲ್ಲಿ ಎಲ್ಲೂ ನಿಲ್ಲದೆ ಓಡಿಬರುತ್ತಿತ್ತು ಎಂದು ಹೊಳೆದೊಡನೆ ತಟ್ಟನೆ ಬಾಗಿಲ ಕಡೆ ತಿರುಗಿ ನೋಡುತ್ತಾರೆ.

ಕಳೆದ ವಾರ ತಾರಾಲಯದವರು ಇವರ ವಿವರಣೆಯನ್ನು ರೆಕಾರ್ಡ್ ಮಾಡಿಕೊಂಡಿದ್ದಾರೆ. ಇನ್ನು ಮುಂದೆ ಗುಂಡಿ ಒತ್ತಿದರೆ ಸಾಕು. "ನೀವು ಸುಮ್ಮನಿದ್ರೂ ನಿಮ್ಮ ದನಿ ಬರ್ತಾನೇ ಇರುತ್ತೆ, ನಕ್ಷತ್ರದ ಬೆಳಕಿನ ಹಾಗೆ," ಎಂದು ಮೇಲಧಿಕಾರಿ ಸಮಾಧಾನ ಹೇಳಿದರಂತೆ.

"ಹಾಗಾದ್ರೆ ನಾನು ಸತ್ತ ನಕ್ಷತ್ರಾನಾ ಸಾರ್ ಅಂದೆ. ಪಾಪ, ಟೀ ತರಿಸಿದ್ರು."

ರೆಕಾರ್ಡಿನಲ್ಲಿ ಗಂಟೆ ಇಲ್ಲ. ಮಾತಿಗೆ ಅಡ್ಡ ಬರುತ್ತದೆಂದು ಸ್ಟುಡಿಯೋದವರು ತೆಗೆದುಹಾಕಿದ್ದಾರೆ. ವಾದ ಮಾಡಲು ಇವರಲ್ಲಿ ತ್ರಾಣವಿರಲಿಲ್ಲ. ನಿನ್ನೆ ಮೊದಲ ಬಾರಿಗೆ ಕತ್ತಲಲ್ಲಿ ಸುಮ್ಮನೆ ಕೂತು ತಮ್ಮದೇ ದನಿ ಕೇಳಿದರು. ಬೆಳಕು ಹೊರಟಿತು ಎಂದಿತು ಆ ದನಿ. ಗುರು, ಶನಿ ಎಲ್ಲ ಸುತ್ತಿಸಿತು. ಬಂತು ಎನ್ನಲೇ ಇಲ್ಲ. ಯಾವ ಮಗುವೂ ತಿರುಗಿ ನೋಡಲಿಲ್ಲ.

"ಹೊರಟಿದ್ದು ದಾರೀಲೇ ಉಳ್ಕೊಂಡ ಹಾಗಾಯ್ತು. ಮನೇಗೆ ಹೋದ್ರೆ ಊಟ ಸೇರ್ಲಿಲ್ಲ."

ಗಂಟೆಯನ್ನು ಕೈಯಲ್ಲೇ ಬಾರಿಸಲು ಬಿಡಿ ಎಂದು ಕೇಳಿಕೊಂಡಿದ್ದಾರೆ. ಮೇಲಧಿಕಾರಿ 'ನೋಡೋಣ' ಎಂದಿದ್ದಾರೆ, ಅಷ್ಟೇ. ಹೊರಗೆ ಮೊದಲ ಶಾಲಾ ಬಸ್ಸು ನಿಂತ ಸದ್ದು. ಕತ್ತಲಮ್ಮ ಕರವಸ್ತ್ರದಿಂದ ಗಂಟೆ ಒರೆಸಿ, ಗುಂಡಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ.

"ಮಾತೆಲ್ಲ ಮಶೀನೇ ಆಡ್ಲಿ, ನಂಗೂ ಸಾಕಾಗಿದೆ. ಬಂತು ಅಂತ ತಿಳಿಸೋಕೆ ಮಾತ್ರ ನಾನಿರ್ತೀನಿ. ಅದಕ್ಕೆ ಗಂಟಲು ಬೇಡ."