ಟಗರಿನ ಮೇಲಿನ ಹಲ್ಲು

ರಾಮಸಮುದ್ರದ ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಿದ ದಿನ ಗೊತ್ತಿರಲಿಲ್ಲ. ಕುರಿಗಳ ವಯಸ್ಸು ಹೇಳುವ ಹಾಗೆಯೇ ಮುತ್ಯಾ ಮೊಮ್ಮಕ್ಕಳ ವಯಸ್ಸನ್ನೂ ಮುಂದಿನ ಹಲ್ಲು ನೋಡಿ ಹೇಳುತ್ತಿದ್ದ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಎಲ್ಲ ಬಂದಿದ್ದರೆ ಬಾಯಿಗೂಡಿದ್ದು. ಹಾಲುಹಲ್ಲು ಬಿದ್ದು ಮುಂದೆ ಹೊಸ ಜೋಡಿ ಬಂದಿದ್ದ ಆ ವರ್ಷ ನಾನು ಎರಡು ಹಲ್ಲಿನಾಕೆ. ಬಂದ ಬೀಗರಿಗೆ ಅವ್ವ ಹಾಗೆಯೇ ಹೇಳುತ್ತಿದ್ದಳು, ಅವರಿಗೂ ತಿಳಿಯುತ್ತಿತ್ತು.

ನಿಜಾಮರ ಆಳಿಕೆಯ ಕೊನೆಗಾಲ ಅದು. ನನಗೊಂದು ಚಿಂತೆ ಹತ್ತಿತ್ತು. ಕೆಳದವಡೆಯ ಹಿಂದಿನ ಹಲ್ಲೊಂದರ ಮೇಲೆ ಎಳ್ಳಿನಷ್ಟು ಕಪ್ಪು ಬಿದ್ದಿತ್ತು. ನೋವಿರಲಿಲ್ಲ, ಬೆಲ್ಲ ತಿಂದಾಗ ಮಾತ್ರ ಜುಮ್ಮೆನ್ನುತ್ತಿತ್ತು. ಹಲ್ಲುನೋವಿಗೆ ನಮ್ಮೂರಲ್ಲಿದ್ದ ಮದ್ದು ಒಂದೇ, ಕಂಬಾರನ ಇಕ್ಕಳ. ಅವನು ಕಾದ ಕಬ್ಬಿಣ ಹಿಡಿಯುತ್ತಿದ್ದುದೂ ಅದರಲ್ಲೇ. ಹೀಗಾಗಿ ಯಾರಿಗೂ ಹೇಳದೆ ಬೆಲ್ಲವನ್ನು ಇನ್ನೊಂದು ದವಡೆಗೆ ದಾಟಿಸಿಕೊಂಡಿದ್ದೆ.

ಒಂದು ಮುಂಜಾನೆ ಡಂಗುರ ಕೇಳಿಸಿತು. ಯಾದಗಿರಿಯಿಂದ ದಾಕ್ಟರು ಬಂದಿದ್ದಾರೆ, ಮಕ್ಕಳ ಹಲ್ಲು ನೋಡುತ್ತಾರೆ, ಎಲ್ಲರನ್ನೂ ಚಾವಡಿಗೆ ಕಳಿಸಬೇಕು ಎಂದು.

"ಯಾರ ಹುಡುಗರಿಗಿ ಹಲ್ಲು ನೋಯ್ಲಾಕತ್ತಾವ?" ಬಾವಿಕಟ್ಟೆಯಲ್ಲಿ ಮುತ್ಯಾನ ಹೆಂಡತಿ, ನಮ್ಮ ಆಯಿ, ಕೇಳಿದಳು.

"ಯಾರಿಗೂ ಇಲ್ಲತ್ತಿ. ನೋವು ಬರೋಕಿಂತ ಮೊದಲೇ ನೋಡ್ತಾರಂತ," ಎಂದಳು ಪಕ್ಕದ ಮನೆಯಾಕೆ.

"ನೋವಿಲ್ಲದ ಬಾಯಿ ತೆಗಿಸಿ ನೋಡೋರು ಯಾರವ್ವ? ಖರೀದಿ ಮಾಡೋರು."

ಕೊಳ್ಳುವ ಮನಸ್ಸಿಲ್ಲದೆ ಹಲ್ಲು ನೋಡಿದವರನ್ನು ನಮ್ಮ ಕುರುಬರ ಓಣಿ ಕಂಡೇ ಇರಲಿಲ್ಲ. ಬುತ್ತಿ ಕಟ್ಟುವ ಹೊತ್ತಿಗೆ ಮಕ್ಕಳನ್ನು ಹೈದರಾಬಾದಿಗೆ ಒಯ್ಯುತ್ತಾರೆಂಬ ಸುದ್ದಿ ಓಣಿ ತುಂಬಿತು. ಹುಕುಂ ಮೀರುವಂತಿಲ್ಲ. ಆಯಿಯೇ ಉಪಾಯ ಹೇಳಿಕೊಟ್ಟಳು: "ಹೋಗ್ರಿ, ಖರೆ ಬಾಯಿ ತೆಗಿಬ್ಯಾಡ್ರಿ. ಹೆಸರು ಕೇಳಿದ್ರ ಮೂಗಿನಾಗ ಹೇಳ್ರಿ."

ಚಾವಡಿಯಲ್ಲಿ ದಾಕ್ಟರು ಸಣ್ಣ ಕನ್ನಡಿ ಹಿಡಿದು ಕೂತಿದ್ದರು. ನಾವು ತುಟಿ ಹೊಲಿದುಕೊಂಡು ಸಾಲಾಗಿ ನಿಂತೆವು.

"ಬಾಯಿ ತೆಗಿ, ಬೇಟಾ."

"ಹೂಂಹೂಂ," ಎಂದ ಸಾಲಿನ ಮೊದಲ ಹುಡುಗ.

ಹೇಗೆ ತೆರೆಯಬೇಕೆಂದು ತಿಳಿಯದೇನೋ ಎಂದುಕೊಂಡು ಅವರು ತಮ್ಮ ಬಾಯನ್ನೇ ಅಗಲವಾಗಿ ತೆರೆದು ತೋರಿಸಿದರು. ಹಿಂದೆ ನಿಂತಿದ್ದ ಮುತ್ಯಾ ಬಗ್ಗಿ ನೋಡಿ, "ಬಾಯಿಗೂಡ್ಯಾದ," ಎಂದ.

ನನ್ನ ಸರದಿ ಬಂತು. ಇಕ್ಕಳ ನೆನಪಾದರೆ ಬಾಯಿ ತೆರೆಯಬೇಕೆನಿಸುತ್ತಿತ್ತು, ಹೈದರಾಬಾದು ನೆನಪಾದರೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮುತ್ಯಾ ಮುಂದೆ ಬಂದ.

"ಸಾಬ್ರ, ಖರೀದಿಗಿ ಬಂದೀರೇನು?"

"ಇಲ್ಲ ಮುತ್ಯಾ. ಹಲ್ಲಿನ ಕೆಲಸ ಬಿಟ್ರ ನನಗ ಬ್ಯಾರೆ ಏನೂ ಗೊತ್ತಿಲ್ಲ."

"ಹಂಗಾರ ಇದರ ವಯಸ್ಸು ಹೇಳ್ರಿ," ಎಂದು ಮುತ್ಯಾ ಹೊರಗೆ ಕಟ್ಟಿದ್ದ ತನ್ನ ಟಗರನ್ನು ಎಳೆದುತಂದ.

ಒಂದು ಬಾಯಾದರೂ ಸಿಕ್ಕಿತಲ್ಲ ಎಂಬ ಸಮಾಧಾನಕ್ಕೋ ಏನೋ, ದಾಕ್ಟರು ಟಗರಿನ ಮೇಲ್ದುಟಿ ಎತ್ತಿ ಕನ್ನಡಿ ಹಿಡಿದರು. ಅವರ ಮುಖ ಸಣ್ಣಗಾಯಿತು.

"ಪಾಪ, ಭಾಳ ವಯಸ್ಸಾಗ್ಯಾದ. ಮ್ಯಾಗಿನ ಮುಂದಿನ ಹಲ್ಲು ಒಂದೂ ಉಳಿದಿಲ್ಲ."

ಕುರಿಗೆ ಮೇಲೆ ಮುಂದಿನ ಹಲ್ಲು ಹುಟ್ಟುವುದೇ ಇಲ್ಲ. ಅದು ಎರಡು ಹಲ್ಲಿನ ಹರೆಯದ ಟಗರು. ಚಾವಡಿಗೆ ಚಾವಡಿಯೇ ನಕ್ಕಿತು. ಹೊಲಿದ ತುಟಿಗಳೆಲ್ಲ ಬಿಚ್ಚಿಹೋದವು, ನನ್ನದೂ.

"ಇಂವ ಯಾಪಾರಿ ಅಲ್ಲ," ಎಂದು ಮುತ್ಯಾ ತೀರ್ಪು ಕೊಟ್ಟ. "ಮ್ಯಾಗಿನ ಹಲ್ಲು ಹುಡುಕೋ ಮನಷ್ಯಾ ಜನ್ಮದಾಗ ಒಂದು ಕುರಿ ಕೊಂಡಿಲ್ಲ. ತೋರಸ್ರಿ ಹುಡುಗರ್ಯಾ."

ವಿಷಯ ತಿಳಿದ ಮೇಲೆ ದಾಕ್ಟರೂ ನಕ್ಕರು. ನಗುತ್ತಲೇ ನನ್ನ ಬಾಯೊಳಗೆ ಕನ್ನಡಿ ಇಟ್ಟು ಕಪ್ಪನ್ನು ಹಿಡಿದುಬಿಟ್ಟರು.

"ಹಾಲುಹಲ್ಲು ಬಿಡ್ರಿ, ಬಿದ್ದುಹೋಗ್ತದ," ಎಂದ ಮುತ್ಯಾ.

"ಇದು ಹಾಲುಹಲ್ಲಲ್ಲ ಮುತ್ಯಾ, ಅವುಗಳ ಹಿಂದ ಹೊಸದಾಗಿ ಬಂದದ್ದು. ಹೋದ್ರ ಮತ್ತ ಬರಂಗಿಲ್ಲ. ಸಾಯೋತನಕ ರೊಟ್ಟಿ ಅರೆಯೋ ಹಲ್ಲು ಇದು."

ಮುತ್ಯಾನ ನಾಲಿಗೆ ಅವನ ಕೆನ್ನೆಯೊಳಗೆ ಆ ಜಾಗ ಹುಡುಕುವುದು ಹೊರಗಿನಿಂದಲೇ ಕಾಣಿಸಿತು. ಅಲ್ಲಿ ಹಲ್ಲಿರಲಿಲ್ಲ.

ದಾಕ್ಟರು ಕಪ್ಪನ್ನು ಕೆರೆದು ತೆಗೆದು, ಲವಂಗದ ವಾಸನೆಯ ಬಿಳಿ ಲೇಪ ತುಂಬಿದರು. ಬೇವಿನಕಡ್ಡಿ ಹಿಂದಿನ ಹಲ್ಲಿನವರೆಗೆ ಆಡಬೇಕು, ಬೆಲ್ಲ ತಿಂದರೆ ಬಾಯಿ ಮುಕ್ಕಳಿಸಬೇಕು ಎಂದರು. ಲೇಪ ಬಿದ್ದುಹೋಗುವ ಮೊದಲು ಯಾದಗಿರಿಯ ದವಾಖಾನೆಗೆ ಕರೆತಂದರೆ ಗಟ್ಟಿಯಾಗಿ ತುಂಬುತ್ತೇನೆಂದರು. ಮುತ್ಯಾ ಬಂಡಿ ಹೂಡಿಕೊಂಡು ಕರೆದೊಯ್ದ.

ಅಂದಿನಿಂದ ಸಂಜೆ ಕುರಿ ಹಟ್ಟಿ ಸೇರಿದ ಮೇಲೆ ನಮ್ಮ ಪಾಳಿ. ಮುತ್ಯಾ ತುಟಿಯ ಮೂಲೆಗೆ ಹೆಬ್ಬೆರಳು ತೂರಿಸಿ, ದೀಪಕ್ಕೆ ನಮ್ಮ ಮೋರೆ ತಿರುಗಿಸಿ, ಹಿಂದಿನ ದವಡೆಯವರೆಗೂ ನೋಡುತ್ತಿದ್ದ. ಹೆಬ್ಬೆರಳಿಗೆ ಸದಾ ಉಣ್ಣೆಯ ವಾಸನೆ.

ಮುಂದೆ ಕೆಲವು ವರ್ಷಕ್ಕೆ ಶಹಾಪುರದ ಕಡೆಯಿಂದ ನನ್ನನ್ನು ನೋಡಲು ಬಂದರು. ಹೊಲ, ಕುರಿ, ಮನೆತನದ ಮಾತೆಲ್ಲ ಮುಗಿದ ಮೇಲೆ ಮುತ್ಯಾ ವರನ ಹತ್ತಿರ ಸರಿದು ಕೂತ.

"ತಮ್ಮಾ, ಬಾಯಿ ತೆಗಿ."

ಬೀಗರು ಮುಖಮುಖ ನೋಡಿಕೊಂಡರು. ವರ ತೆರೆದ. ಮುತ್ಯಾ ಸಾವಕಾಶ ನೋಡಿ, "ಹುಡುಗ ಚಲೋ ಅದಾನ. ಹಿಂದಿನ ಹಲ್ಲು ಕೆಟ್ಟದ. ಮೊದಲ ದವಾಖಾನಿಗಿ ಹೋಗಿ ಬರಲಿ," ಎಂದ.

ನಮ್ಮ ಯಜಮಾನರು ಲಗ್ನಕ್ಕೆ ಬಂದರು, ದವಾಖಾನೆಗೆ ಹೋಗಲಿಲ್ಲ. ಈಗ ನಮ್ಮ ಮನೆಯಲ್ಲಿ ಒಣಗಿ ಗಟ್ಟಿಯಾದ ಕಟಿ ರೊಟ್ಟಿ ನನ್ನ ತಾಟಿಗೆ, ಬೇಳೆಯಲ್ಲಿ ನೆನೆಸಿದ್ದು ಅವರ ತಾಟಿಗೆ. ನಾನು ಕಟಕಟ ಕಡಿಯುವಾಗ ಅವರು ಕಣ್ಣೆತ್ತದೆ ಹೇಳುತ್ತಾರೆ:

"ಸಾವಕಾಶ ತಿನ್ನು. ನಿಮ್ಮ ಮುತ್ಯಾಗ ಕೇಳಿಸ್ತದ."