ಕಿಟಕಿ ಪಕ್ಕದ ಹಾಸಿಗೆ

ಒಂದು ಪಾಳಿಯ ನರ್ಸ್‌ಗಳು ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸಿಕೊಡುವುದಕ್ಕೆ ನಮ್ಮಲ್ಲಿ ಹ್ಯಾಂಡೋವರ್ ಎನ್ನುತ್ತಾರೆ. ಒಂದೊಂದು ಹಾಸಿಗೆಯ ಮುಂದೂ ನಿಂತು, ಇವರು ಯಾರು, ಏನಾಗಿದೆ, ಏನು ಕೊಟ್ಟಿದ್ದೇವೆ ಎಂದು ಹೇಳುತ್ತಾ ಹೋಗಬೇಕು. ನಾನಾಗ ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿದ್ದೆ. ನಮ್ಮ ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ರೋಗಿಯ ನಡುಗುವ ಕೈಯಲ್ಲಿ ನರ ಹುಡುಕುವುದನ್ನು ನನಗೆ ಕಲಿಸಿದವರು ಅವರು.

ಆ ದಿನ ನಾನೂ ಅಕ್ಕನೂ ರಾತ್ರಿ ಪಾಳಿ ಮುಗಿಸಿ ಬೆಳಗಿನವರಿಗೆ ಒಪ್ಪಿಸುತ್ತಿದ್ದೆವು. ಅಕ್ಕ ಕಿಟಕಿ ಪಕ್ಕದ ಹಾಸಿಗೆಯ ಮುಂದೆ ನಿಂತರು.

"ಇವ್ರು ಜಕ್ಕೂರಿನ ಅಜ್ಜಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ರು. ಈಗ ಸ್ವಲ್ಪ ಗಂಜಿ ಕುಡಿದ್ರು. ಕೆಮ್ಮು ಕಮ್ಮಿ ಇದೆ."

ಹಾಸಿಗೆ ಖಾಲಿ ಇತ್ತು. ಮಡಿಕೆ ಮುರಿಯದ ಬಿಳಿ ಚಾದರ, ಉಬ್ಬಿದ ದಿಂಬು, ಅಷ್ಟೇ. ಅಜ್ಜಿ ತೀರಿಕೊಂಡು ಆಗಲೇ ಎಷ್ಟೋ ದಿನವಾಗಿತ್ತು.

ಯಾರೂ ನಗಲಿಲ್ಲ. ಬೆಳಗಿನ ಪಾಳಿಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲಗಿದವರ ಕಾಲು ಸವರುವಂತೆ ಅಕ್ಕ ಚಾದರದ ಅಂಚನ್ನು ಮೆಲ್ಲಗೆ ಸವರುತ್ತಿದ್ದರು. ನಾನು ಅವರ ಮೊಣಕೈ ಮುಟ್ಟಿ, "ಅಕ್ಕಾ, ಮುಂದಿನ ಬೆಡ್ ಹೇಳಿ" ಅಂದೆ. ಹೇಳಿದರು. ಅಲ್ಲಿಂದ ಕೊನೆಯವರೆಗೂ ಒಂದು ಔಷಧಿಯ ಹೆಸರೂ ತಪ್ಪಲಿಲ್ಲ. ನನಗೆ ಹೆಚ್ಚು ಭಯವಾಗಿದ್ದು ಅದಕ್ಕೇ.

ಅಜ್ಜಿ ಜಕ್ಕೂರಿನ ಹಳೇ ಊರಿನವರು, ಸಣ್ಣ ವಿಮಾನ ಹಾರಿಸಲು ಕಲಿಸುವ ಮೈದಾನದ ಪಕ್ಕದವರು. ಕಿಟಕಿಯಲ್ಲಿ ಸಣ್ಣ ವಿಮಾನ ಕಂಡರೆ ಸಾಕು, ಅಕ್ಕನನ್ನು ಕೂಗುತ್ತಿದ್ದರು. "ಇಂಗ್ ಬಾ ಮಗಾ, ನೋಡು, ನಮ್ಮೂರ್ ಇಮಾನ. ನಾವ್ ಒಲ್ದಲ್ಲಿ ರಾಗಿ ಕುಯ್ಯೋವಾಗ ತಲೆ ಮ್ಯಾಲೇ ಓಗೋದು. ನಾವ್ ಕೈ ಎತ್ತಿದ್ರೆ ಒಳ್ಗಿರೋನೂ ಕೈ ಎತ್ತೋನು." ಎಷ್ಟೇ ಕೆಲಸವಿದ್ದರೂ ಅಕ್ಕ ಒಂದು ಗಳಿಗೆ ನಿಂತು ನೋಡಿ ಬರುತ್ತಿದ್ದರು.

ಅಜ್ಜಿ ಹೋದ ದಿನ ಇಡೀ ವಾರ್ಡಿಗೆ ನಾವಿಬ್ಬರೇ. ಅಕ್ಕನದು ಅವತ್ತು ಡಬಲ್ ಡ್ಯೂಟಿ, ಹಿಂದಿನ ಪಾಳಿ ಮುಗಿದರೂ ಮನೆಗೆ ಹೋಗದೆ ಮುಂದಿನದಕ್ಕೂ ನಿಂತಿದ್ದರು. ಅಜ್ಜಿಯ ಗದ್ದಕ್ಕೆ ಬಟ್ಟೆ ಕಟ್ಟುತ್ತಿರುವಾಗಲೇ ಬೇರೆ ರೋಗಿಯ ಕಡೆಯವನೊಬ್ಬ ಪರದೆ ಸರಿಸಿ, "ಎಷ್ಟೊತ್ತಿಂದ ಕರೀತಿದೀವಿ, ಏನ್ ಮಾಡ್ತಿದೀರಾ ಇಲ್ಲಿ?" ಎಂದು ಕಿರುಚಿದ. ಹೆಣ ಕಂಡ ಮೇಲೂ ಅವನ ದನಿ ಇಳಿಯಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಫೋನು: ಹೊಸ ಪೇಶೆಂಟ್ ಕಾಯುತ್ತಿದ್ದಾರೆ, ಹಾಸಿಗೆ ಬೇಗ ಬಿಡಿಸಿಕೊಡಿ. ಅಜ್ಜಿಯ ಮೈಯ ಬಿಸಿ ಆರುವ ಮೊದಲೇ ಆ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿದ್ದರು. ಅವರು ಗುಣವಾಗಿ ಮನೆಗೆ ಹೋದ ಮೇಲೆ ಅದು ಖಾಲಿಯಾಗಿತ್ತು.

ಹ್ಯಾಂಡೋವರ್ ಮುಗಿಸಿ ಇಬ್ಬರೂ ಹೊರಗೆ ಬಂದೆವು. ನನ್ನ ಮನೆ ಅಟ್ಟೂರಿನಲ್ಲಿ, ಅಕ್ಕನದು ಶೆಟ್ಟಿಹಳ್ಳಿಯಲ್ಲಿ. ದಾರಿ ಬೇರೆಯಾದರೂ ಅವರನ್ನು ಒಬ್ಬರೇ ಕಳಿಸಲು ಮನಸ್ಸಾಗದೆ ಅವರ ಬಸ್ಸನ್ನೇ ಹತ್ತಿದೆ.

"ನಾನೇನಾದ್ರೂ ತಪ್ಪು ಹೇಳಿದ್ನೇನೇ?" ಅಂದರು ಅಕ್ಕ. ಖಾಲಿ ಹಾಸಿಗೆಯ ವಿಷಯ ಹೇಳಿದೆ.

ಅಕ್ಕ ಬಸ್ಸಿನ ಕಿಟಕಿಗೆ ತಲೆ ಆನಿಸಿದರು. "ನಂಗೆ ಕಾಣಿಸ್ತಿದ್ರು ಕಣೇ. ಕಂಬಳಿನ ಮೂಗಿನ ತನಕ ಎಳ್ಕೊಂಡು ಮಲಗಿದ್ರು. ಅಜ್ಜಿ ಸತ್ತಾಗ ನಂಗೆ ಏನೂ ಅನ್ನಿಸ್ಲಿಲ್ಲ. ಮೊದ್ಲೆಲ್ಲ ಯಾರಾದ್ರೂ ಹೋದ್ರೆ ಬಾತ್‌ರೂಮಿಗೆ ಹೋಗಿ ಅತ್ಕೊಂಡು ಬರ್ತಿದ್ದೆ. ಈಗ ಕೂತ್ರೂ ಅಳು ಬರಲ್ಲ."

ಅವರ ಮನೆಯ ಬಾಗಿಲಲ್ಲೇ ಟಣ್ ಟಣ್ ಸದ್ದು ಕೇಳಿಸಿತು. ಪಾರ್ಶ್ವವಾಯು ಬಡಿದು ಮಾತು ಹೋಗಿದ್ದ ಅವರ ಅತ್ತೆ ಸ್ಟೀಲ್ ಲೋಟದಿಂದ ಮಂಚದ ಕಂಬಿ ತಟ್ಟುತ್ತಿದ್ದರು. ಅಕ್ಕ ಹೆಗಲಿನ ಬ್ಯಾಗನ್ನೂ ಇಳಿಸದೆ ಒಳಗೆ ಹೋಗಿ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಬಟ್ಟೆ ಬದಲಿಸತೊಡಗಿದರು. ವಾರ್ಡಿನಲ್ಲಿ ಆಡುವ ಮಾತುಗಳೇ, ಅದೇ ದನಿ. ನಾನು ಕಾಫಿ ಮಾಡಿ ಕೊಟ್ಟೆ. ಅದು ಆರುತ್ತಾ ಕೂತಿತು.

ಮಾರನೆಯ ದಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಎಲ್ಲ ತಿಳಿಸಿದೆ. "ಸ್ವಲ್ಪ ರೆಸ್ಟ್ ತಗೊಂಡು ಬರ್ಲಿ. ಸ್ಟಾಫ್ ಎಲ್ಲಿದಾರಮ್ಮಾ, ಅಲ್ಲೀವರೆಗೂ ನೀವೇ ಅಡ್ಜಸ್ಟ್ ಮಾಡ್ಕೊಳಿ" ಅಂದರು.

ರಜೆ ಮುಗಿಸಿ ಅಕ್ಕ ಬಂದರು. ಇಸ್ತ್ರಿ ಮಾಡಿದ ಯೂನಿಫಾರ್ಮ್, ಬಿಗಿದ ಜಡೆ. ವಾರ್ಡಿನ ಬಾಗಿಲವರೆಗೆ ಬಂದವರು ಒಳಗೆ ಕಾಲಿಡಲಿಲ್ಲ. ಕಿಟಕಿಯ ಕಡೆಗೇ ನೋಡುತ್ತಾ ನಿಂತರು. ಆಮೇಲೆ ಕೊರಳಿನ ಐಡಿ ಕಾರ್ಡ್ ತೆಗೆದು ನನ್ನ ಕೈಗಿಟ್ಟು, "ಬರ್ತೀನಮ್ಮಾ" ಎಂದು ಮೆಟ್ಟಿಲಿಳಿದು ಹೋದರು.

ಅವರ ಪಾಳಿಗಳೂ ನನ್ನ ಪಾಲಿಗೆ ಬಂದವು. ನಾಳೆ ಯಾವ ಹೊತ್ತಿಗೆ ಹೋಗಬೇಕೆಂಬುದು ಇವತ್ತು ಸಂಜೆ ತಿಳಿಯುತ್ತಿತ್ತು. ಮನೆಯಲ್ಲಿ ಮಗಳು ಏನಾದರೂ ಕೇಳಿದರೆ ಉತ್ತರಿಸುವಷ್ಟರಲ್ಲಿ ಅವಳು ಕೇಳಿದ್ದೇ ಮರೆತುಹೋಗಿರುತ್ತಿತ್ತು. ಊಟ ರುಚಿಸುತ್ತಿರಲಿಲ್ಲ. ಸುಸ್ತು ಅಂದುಕೊಂಡೆ.

ಒಂದು ಮಧ್ಯಾಹ್ನ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಆಯಾ ತಟ್ಟನೆ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಸಿಸ್ಟರ್, ಯಾರ್ ಜೊತೆ ಮಾತಾಡ್ತಿದೀರಾ?"

ನಾನು ಕಿಟಕಿ ಪಕ್ಕದ ಹಾಸಿಗೆಯ ಮೇಲೆ ಬಾಗಿದ್ದೆ. ಕೈಯಲ್ಲಿ ಕಂಬಳಿಯ ತುದಿ. 'ಸ್ವಲ್ಪ ಆ ಕಡೆ ಸರೀರಿ ಅಜ್ಜಿ' ಎಂದಿದ್ದ ನನ್ನದೇ ದನಿ ಕಿವಿಯಲ್ಲಿ ಇನ್ನೂ ಇತ್ತು. ಹಾಸಿಗೆಯಲ್ಲಿ ಯಾರೂ ಇರಲಿಲ್ಲ.

ನೇರವಾಗಿ ಮೇಡಂ ಕೋಣೆಗೆ ಹೋದೆ. "ಇನ್ನು ಡಬಲ್ ಡ್ಯೂಟಿ ಮಾಡಲ್ಲ ಮೇಡಂ."

"ಎಲ್ಲಾರೂ ಮಾಡ್ತಿದಾರಲ್ಲಮ್ಮ."

"ಅದಕ್ಕೇ ಹೇಳ್ತಿದೀನಿ."

ಗದರುತ್ತಾರೆ ಅಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣ ಕೆಳಗೆ ಕಪ್ಪು ಗುಳಿ ಬಿದ್ದಿತ್ತು. "ನಿಂಗೂ ಕಾಣ್ಸೋಕೆ ಶುರುವಾಯ್ತಾ?" ಎಂದು ಬಹಳ ಮೆಲ್ಲಗೆ ಕೇಳಿದರು.

ನಾನು ಕುರ್ಚಿ ಎಳೆದು ಕೂತೆ.

"ನಂಗೆ ಒಂದು ಮಗು," ಅಂದರು. "ನಾನಿನ್ನೂ ವಾರ್ಡಲ್ಲಿದ್ದಾಗ ತೀರ್ಕೊಂಡಿದ್ದು. ಎತ್ಕೊಂಡ್ರೆ ಅಂಗೈಯಷ್ಟೇ ಇತ್ತು. ಈಗ್ಲೂ ಒಂದೊಂದ್ ಸಲ ಲಿಫ್ಟ್ ಒಳಗೆ ಅಳೋದು ಕೇಳ್ಸುತ್ತೆ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಕೆಲಸಕ್ಕೆ ಲಾಯಕ್ಕಿಲ್ಲ ಅಂತಾರೆ."

ನನ್ನ ಡಬಲ್ ಡ್ಯೂಟಿ ಕೆಲವು ತಿಂಗಳು ನಿಂತಿತು. ಇನ್ನಿಬ್ಬರು ಕೆಲಸ ಬಿಟ್ಟ ಮೇಲೆ ಮತ್ತೆ ಶುರುವಾಯಿತು. ನಾನೂ ಬಿಟ್ಟೆ. ಈಗ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಚುಚ್ಚುಮದ್ದು ಕೊಡುತ್ತೇನೆ. ಅಕ್ಕ ಒಂದು ಶಾಲೆಯಲ್ಲಿದ್ದಾರೆ, ಬಿದ್ದು ಮಂಡಿ ತರಚಿಕೊಂಡ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಸಿಕ್ಕಾಗ ಅಡುಗೆ, ಮಕ್ಕಳ ಓದು ಎಲ್ಲ ಮಾತಾಡುತ್ತೇವೆ. ಅಜ್ಜಿ ಈಗಲೂ ಕಾಣಿಸುತ್ತಾರಾ ಎಂದು ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.

ಮೊನ್ನೆ ಮೇಡಂ ಫೋನ್ ಮಾಡಿದ್ದರು. "ವಾರ್ಡಲ್ಲಿ ಯಾರೂ ಇಲ್ಲ ಕಣಮ್ಮ, ವಾಪಸ್ ಬರ್ತೀಯಾ?"

"ಆಗಲ್ಲ ಮೇಡಂ."

ಅವರು ಬಲವಂತ ಮಾಡಲಿಲ್ಲ, ಫೋನನ್ನೂ ಇಡಲಿಲ್ಲ. ಆ ಕಡೆ ಯಾರೋ "ಮೇಡಂ, ಬೇಗ ಬನ್ನಿ" ಎಂದು ಕೂಗಿದರು. ಅವರು ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಓಡಿದ್ದು ಕೇಳಿಸಿತು. ಅವರ ಹೆಜ್ಜೆ ಸದ್ದು ಅಡಗಿದ ಮೇಲೂ ನಾನು ಆ ಖಾಲಿ ಕೋಣೆಯನ್ನು ಸ್ವಲ್ಪ ಹೊತ್ತು ಕೇಳುತ್ತಾ ಕೂತಿದ್ದೆ.