ಕಳೆಯುವ ಪಟ್ಟಿ

ಬೆಟ್ಟದ ಮೇಲಿನ ಅತಿಥಿಗೃಹದಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಮೈನಸ್’ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿತ್ತು, ಹೊರಗೆ ಅದರ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಅವನಿಗೂ ಆ ಅಡ್ಡಹೆಸರಿನ ಬಗ್ಗೆ ಬೇಸರವಿರಲಿಲ್ಲ. ಕೆಲವರಿಗೆ ಡಾಕ್ಟರೇಟ್ ಸಿಕ್ಕ ಹಾಗೆ ತನಗೆ ಇದು ಸಿಕ್ಕಿದೆ ಎಂಬಂತೆ ಓಡಾಡುತ್ತಿದ್ದ.

ಅವನು ಹುಟ್ಟಿದ್ದು ಬೆಳೆದದ್ದು ಕೆಳಗೆ, ಸಮುದ್ರದ ಪಕ್ಕದ ಪಟ್ಟಣದಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಾಗ ಅಕ್ಕ ಸಾಕಿದಳು. ಅವಳದ್ದೊಂದು ಹೊಲಿಗೆ ಅಂಗಡಿ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅವನು ಅಲ್ಲಿನ ಮೈದಾನದಲ್ಲಿ ಹತ್ತು ಕಿಲೋಮೀಟರನ್ನು ಮೂವತ್ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಓಡಿದ್ದ. ನಾವು ನೀವಾದರೆ ಅಷ್ಟು ದೂರಕ್ಕೆ ಬಸ್ಸು ಯಾವಾಗ ಬರುತ್ತದೆ ಎಂದು ಕೇಳುತ್ತೇವೆ. ಆದರೆ ರಾಷ್ಟ್ರೀಯ ತಂಡದ ಆಯ್ಕೆ ಓಟದಲ್ಲಿ ಮೂವತ್ತೊಂದು ನಿಮಿಷದೊಳಗೆ ಬಂದವರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು, ಅದೂ ಮೂವತ್ತು ವರ್ಷ ತುಂಬುವ ಮೊದಲು.

ಆಗ ಯಾರೋ ಅವನ ಕಿವಿಯಲ್ಲಿ ಬೆಟ್ಟದ ವಿಷಯ ಊದಿದರು. ಎತ್ತರದಲ್ಲಿ ಗಾಳಿ ತೆಳು, ಉಸಿರು ಸಾಲುವುದಿಲ್ಲ. ಸಾಲದೆಂದು ಮೈ ಹೊಸ ರಕ್ತ ಮಾಡಿಕೊಳ್ಳುತ್ತದೆ. ಆ ರಕ್ತ ತುಂಬಿಕೊಂಡು ಕೆಳಗಿಳಿದು ಓಡಿದರೆ ಕಾಲಿಗೆ ರೆಕ್ಕೆ ಬರುತ್ತದೆ. ಮಾತು ಸುಳ್ಳೇನಲ್ಲ, ದೊಡ್ಡ ದೊಡ್ಡ ಓಟಗಾರರು ಮಾಡುವುದೂ ಅದನ್ನೇ. ಅಕ್ಕ ಎರಡು ಜೊತೆ ಚಡ್ಡಿ ಹೊಲಿದು ಕೊಟ್ಟು, “ಆರು ತಿಂಗಳಲ್ಲಿ ಬಂದ್ಬಿಡು” ಎಂದು ಬಸ್ಸು ಹತ್ತಿಸಿದಳು. ಅದಾಗಿ ಐದು ವರ್ಷವಾಗಿತ್ತು.

ಬೆಟ್ಟದ ಮೇಲೆ ಒಬ್ಬರು ಗುರುಗಳಿದ್ದರು. ನಿವೃತ್ತ ಡ್ರಿಲ್ ಮಾಸ್ತರು. ಉಣ್ಣೆಯ ಟೋಪಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಬಾಯಲ್ಲಿ ಸದಾ ಶ್ವಾಸಕೋಶದ ಮಾತು. ಅವರ ಶಿಷ್ಯರು ನಾಲ್ವರು: ಮೈನಸ್, ಒಬ್ಬ ಅಂಚೆಯವನು, ಒಬ್ಬ ಬೇಕರಿಯವನು ಮತ್ತು ಔಷಧಿ ಅಂಗಡಿಯ ಹುಡುಗಿ. ಇನ್ನೂರೈವತ್ತು ಮೀಟರಿನ ಸಣ್ಣ ಹುಲ್ಲು ಮೈದಾನದಲ್ಲಿ ನಲವತ್ತು ಸುತ್ತು ಓಡಿದರೆ ಹತ್ತು ಕಿಲೋಮೀಟರು. ಉಸಿರು ಸಾಲದ ಜಾಗದಲ್ಲಿ ಓಡಿದರೆ ವೇಳೆ ಹೆಚ್ಚೇ ಆಗುತ್ತದೆ. ಅದನ್ನು ನೋಡಿ ಶಿಷ್ಯರು ಧೈರ್ಯ ಕಳೆದುಕೊಳ್ಳಬಾರದೆಂದು ಗುರುಗಳು ಒಂದು ಪಟ್ಟಿ ಮಾಡಿ, ಪ್ಲಾಸ್ಟಿಕ್ ಹಾಕಿಸಿ, ಮೈದಾನದ ಶೆಡ್ಡಿನಲ್ಲಿ ತೂಗುಹಾಕಿದ್ದರು. ‘ಎತ್ತರಕ್ಕೆ: ಒಂದು ನಿಮಿಷ ಐವತ್ತು ಸೆಕೆಂಡು ಕಳೆಯಿರಿ.’

ಮೊದಮೊದಲು ಪಟ್ಟಿಯಲ್ಲಿ ಇದ್ದದ್ದು ಅದೊಂದೇ ಸಾಲು. ಆಮೇಲೆ ಒಂದು ಚಳಿಗಾಲದಲ್ಲಿ ಚಳಿಗೆ ಅರ್ಧ ನಿಮಿಷ ಸೇರಿತು. ಮೈದಾನ ಸಣ್ಣದು, ತಿರುವು ಜಾಸ್ತಿ ಎಂದು ನಲವತ್ತು ಸೆಕೆಂಡು. ಎದುರುಗಾಳಿಗೆ ಮೂವತ್ತು. ಗಾಳಿ ಅರ್ಧ ಸುತ್ತಿನಲ್ಲಿ ಬೆನ್ನ ಹಿಂದೆಯೂ ಇರುತ್ತದಲ್ಲ ಎಂದು ಔಷಧಿ ಅಂಗಡಿಯ ಹುಡುಗಿ ಒಮ್ಮೆ ಕೇಳಿದ್ದಕ್ಕೆ ಗುರುಗಳು ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದರು. ದಿನವಿಡೀ ನಿಂತು ಇಸ್ತ್ರಿ ಹಾಕುವ ಕಾಲುಗಳ ದಣಿವಿಗೆ ಮೈನಸ್‌ಗೆಂದೇ ಐವತ್ತು ಸೆಕೆಂಡಿನ ವಿಶೇಷ ರಿಯಾಯಿತಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲದ ಡೊಂಕನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದು ಗೋಡೆಗೆ ಹೊಡೆದಿದ್ದರು, ಅಷ್ಟೇ ವ್ಯತ್ಯಾಸ. ಬೇಕರಿಯವನಂತೂ ಒಂದು ದಿನ ಕಳೆಯುತ್ತಾ ಕಳೆಯುತ್ತಾ ವಿಶ್ವದಾಖಲೆಯ ಹೊಸ್ತಿಲಿಗೇ ಬಂದುಬಿಟ್ಟು, ತಾನೇ ಹೆದರಿ ಚಳಿಯ ಅರ್ಧ ನಿಮಿಷವನ್ನು ವಾಪಸ್ ಸೇರಿಸಿಕೊಂಡ.

ಮೈನಸ್ ಮೈದಾನದಲ್ಲಿ ಓಡುತ್ತಿದ್ದದ್ದು ಮೂವತ್ನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ. ಶೆಡ್ಡಿಗೆ ಬಂದು ಕಳೆದರೆ ಮೂವತ್ತೂವರೆ. ಆಯ್ಕೆಗೆ ಬೇಕಾದ್ದಕ್ಕಿಂತ ಅರ್ಧ ನಿಮಿಷ ಮುಂಚೆ! ಪ್ರತಿ ಭಾನುವಾರ ಅಕ್ಕನಿಗೆ ಫೋನು ಮಾಡಿ, “ಈ ವಾರ ಮೂವತ್ತೂವರೆ ಅಕ್ಕ” ಎನ್ನುತ್ತಿದ್ದ. ‘ಕಳೆದ ಮೇಲೆ’ ಎಂಬ ಎರಡು ಪದಗಳನ್ನು ಮೊದಲ ಒಂದೆರಡು ತಿಂಗಳು ಹೇಳಿದ, ಆಮೇಲೆ ನುಂಗಿಕೊಂಡ. ಅಕ್ಕನಿಗೆ ಓಟದ ಗಂಧಗಾಳಿ ಇಲ್ಲ, ಅಂಕಿ ಮಾತ್ರ ಗೊತ್ತು. ಕುಪ್ಪಸದ ಅಳತೆ ಕೊಡಲು ಬಂದವರಿಗೆಲ್ಲ, “ನಮ್ಮ ತಮ್ಮ ಮೂವತ್ತೂವರೆಗೆ ಓಡ್ತಾನೆ, ತಂಡಕ್ಕೆ ಸೇರೋದೊಂದು ಬಾಕಿ” ಎಂದು ಹೇಳುತ್ತಾ ಟೇಪು ಹಿಡಿಯುತ್ತಿದ್ದಳು.

ಹಾಗಾದರೆ ಇಳಿದು ಓಡಬಾರದೆ ಎಂದು ನೀವು ಕೇಳಬಹುದು. ಇಳಿಯುವುದು ಅಷ್ಟು ಸುಲಭವಿರಲಿಲ್ಲ. ಕೆಳಗೆ ಹೋದ ಎರಡು ಮೂರು ವಾರಕ್ಕೆ ಹೊಸ ರಕ್ತದ ಸತ್ವ ಇಳಿದುಹೋಗುತ್ತದೆ, ಆದ್ದರಿಂದ ಇಳಿಯುವ ದಿನ ಕೂಡಿಬರಬೇಕು ಎನ್ನುತ್ತಿದ್ದರು ಗುರುಗಳು. ಪ್ರತಿ ವರ್ಷ ಆಯ್ಕೆ ಓಟ ಹತ್ತಿರವಾದಂತೆ ಅವರು ಶಿಷ್ಯರ ಕಣ್ಣರೆಪ್ಪೆ ಎಳೆದು ನೋಡಿ, ತಲೆ ಅಲ್ಲಾಡಿಸಿ, “ರಕ್ತ ಇನ್ನೂ ಹದಕ್ಕೆ ಬಂದಿಲ್ಲ, ಮುಂದಿನ ವರ್ಷ” ಎನ್ನುವರು. ಶಿಷ್ಯರ ಮುಖದಲ್ಲಿ ನಿರಾಸೆ, ಹೊಟ್ಟೆಯೊಳಗೆ ತಂಪು. ಹಿಂದೊಬ್ಬ ಶಿಷ್ಯ ಗುರುಗಳ ಮಾತು ಮೀರಿ ಇಳಿದು ಓಡಿದ್ದನಂತೆ. ಅವನು ಮತ್ತೆ ಹತ್ತಿ ಬರಲಿಲ್ಲ. ಅವನ ಮಾತೆತ್ತಿದರೆ ಎಲ್ಲರೂ ಬೂಟಿನ ದಾರ ಬಿಗಿದುಕೊಳ್ಳಲು ಬಗ್ಗುತ್ತಿದ್ದರು.

ಈ ನೆಮ್ಮದಿಗೆ ಕಲ್ಲು ಹಾಕಿದವರು ಭಾವ, ಅಂದರೆ ಅಕ್ಕನ ಗಂಡ. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೋಡುವುದು, ತೂಕದ ಬಟ್ಟು ಸರಿಯಿದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ಹೊತ್ತೊಯ್ಯುವುದು. ಸ್ವಂತ ಹೆಂಡತಿಯ ಅಂಗಡಿಯ ಟೇಪು ಹಳೆಯದಾಗಿ ಅರ್ಧ ಇಂಚು ಹಿಗ್ಗಿದೆಯೆಂದು ಕತ್ತರಿಸಿ ಎಸೆದ ಮನುಷ್ಯ. ಆ ವರ್ಷ ಬೆಟ್ಟದ ಮಾರುಕಟ್ಟೆಯ ತಪಾಸಣೆಗೆ ಬಂದವರು ಭಾವಮೈದುನನ ಇಸ್ತ್ರಿ ಕೋಣೆಗೂ ಬಂದರು.

ಉದ್ದನೆಯ ಮೇಜು, ಅದರ ಮೇಲೆ ಸುಟ್ಟ ಕಲೆಯ ಕಂಬಳಿ, ಮಂಜಿನಿಂದ ಎಂದೂ ಪೂರಾ ಒಣಗದ ಚಾದರಗಳ ರಾಶಿ, ಗೋಡೆಯ ತುಂಬ ನೀರಿನ ಹನಿ. ಮೈನಸ್ ಚಾದರ ಮಡಿಸುತ್ತಲೇ ಪಟ್ಟಿಯ ಮಹಿಮೆ ಬಣ್ಣಿಸಿದ. ಭಾವ ಕೊನೆಯವರೆಗೂ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಮೈದಾನಕ್ಕೆ ಬಂದು, ಚೀಲದಿಂದ ಸರ್ಕಾರಿ ಟೇಪು ತೆಗೆದು, ಬಗ್ಗಿ ಬಗ್ಗಿ ಇಡೀ ಸುತ್ತು ಅಳೆದರು. ಗುರುಗಳ ಮುಖ ಬಿಳಿಚಿತು.

“ಸುತ್ತು ಸರಿಯಾಗಿದೆ” ಎಂದರು ಭಾವ, ಮಂಡಿ ಒರೆಸಿಕೊಳ್ಳುತ್ತಾ. “ಒಂದು ಗೇಣು ಜಾಸ್ತಿನೇ ಇದೆ. ಗಡಿಯಾರವೂ ಸರಿ. ಈ ಪಟ್ಟಿ ಯಾರು ಪರೀಕ್ಷೆ ಮಾಡಿದ್ದು?”

“ಪರೀಕ್ಷೆ ಅಂದ್ರೆ?” ಎಂದರು ಗುರುಗಳು.

“ಯಾರಾದ್ರೂ ಇಲ್ಲಿ ಕಳೆದು, ಕೆಳಗೆ ಹೋಗಿ ಓಡಿ, ಎರಡೂ ತಾಳೆ ನೋಡಿದೀರಾ?”

ಅಂಚೆಯವನು ಆಕಾಶ ನೋಡಿದ. ಬೇಕರಿಯವನು ಒಲೆಯ ನೆನಪಾಗಿ ಓಡಿದ, ಆ ದಿನದ ವೇಗದಲ್ಲಿ ಅವನು ಮತ್ತೆಂದೂ ಓಡಲಿಲ್ಲ. ಗುರುಗಳು ಮಾತ್ರ ಜಗ್ಗಲಿಲ್ಲ. “ಇದು ವಿಜ್ಞಾನ ಸ್ವಾಮಿ, ತರಕಾರಿ ತೂಕ ಅಲ್ಲ” ಎಂದರು.

ಬಸ್ಸು ಹತ್ತುವ ಮುಂಚೆ ಭಾವ ಮೈನಸ್‌ನನ್ನು ಪಕ್ಕಕ್ಕೆ ಕರೆದರು. “ನಿಮ್ಮಕ್ಕನಿಗೆ ನಾನೇನೂ ಹೇಳಲ್ಲ. ಆದ್ರೆ ನೋಡು, ಮುಂದಿನ ವರ್ಷದ ಆಯ್ಕೆ ಹೊತ್ತಿಗೆ ನಿನಗೆ ಮೂವತ್ತು ತುಂಬಿರುತ್ತೆ. ಈ ಸಲ ಇಳಿದು ಓಡು. ಇಲ್ಲದಿದ್ರೆ ಅವಳು ಸಾಯೋತನಕ ಮೂವತ್ತೂವರೆ ಮೂವತ್ತೂವರೆ ಅಂತಾನೇ ಇರ್ತಾಳೆ, ನೀನು ಹೂಂ ಅಂತಾನೇ ಇರ್ತೀಯ.”

ಆ ಮಾತು ಮೈನಸ್‌ನ ಎದೆಗೆ ನಾಟಿತು. ಅವನಿಗಿದ್ದ ಭಯ ಸೋಲಿನದ್ದಲ್ಲ, ಸೋಲು ಓಟಗಾರನಿಗೆ ದಿನದ ಕೂಳು. ಅಕ್ಕನಿಗೆ ಐದು ವರ್ಷದಿಂದ ಹೇಳಿದ ಅಂಕಿ ಬರೀ ಗಾಳಿಗೋಪುರವಾಗಿದ್ದರೆ ಅವಳ ಮುಖ ನೋಡುವುದು ಹೇಗೆಂಬ ಭಯ ಅದು. ಗುರುಗಳು ಕಣ್ಣರೆಪ್ಪೆ ಎಳೆದು, ಹದ ಬಂದಿಲ್ಲವೆಂದೇ ಹೇಳಿದರು. ಅವನು ಹೂಂ ಎಂದು, ಇಸ್ತ್ರಿ ಪೆಟ್ಟಿಗೆಯನ್ನು ಅತಿಥಿಗೃಹದ ಮ್ಯಾನೇಜರಿಗೆ ಒಪ್ಪಿಸಿ, ಓಟಕ್ಕೆ ಎರಡು ದಿನ ಮುಂಚೆ ಇಳಿದೇಬಿಟ್ಟ.

ಓಟದ ಬೆಳಿಗ್ಗೆ ಅಕ್ಕ ಅಂಗಡಿಗೆ ಬೀಗ ಹಾಕಿ, ಜೊತೆಗೆ ಹೊಲಿಯುವ ಇಬ್ಬರು ಹೆಂಗಸರನ್ನೂ ಕರೆದುಕೊಂಡು ಬಂದು ಪಟ್ಟಣದ ಮೈದಾನದ ಮೆಟ್ಟಿಲಿನ ಮೇಲೆ ಕೂತಿದ್ದಳು. ಭಾವ ಕೆಳಗೆ ಗೆರೆಯ ಪಕ್ಕ, ತಮ್ಮದೇ ಗಡಿಯಾರ ಹಿಡಿದು ನಿಂತಿದ್ದರು. ಮೈನಸ್ ಅರ್ಜಿಯಲ್ಲಿ ಮೂವತ್ತೂವರೆ ಎಂದು ಬರೆದಿದ್ದರಿಂದ ಅವನನ್ನು ಮೊದಲ ಸಾಲಿನಲ್ಲೇ ನಿಲ್ಲಿಸಿದರು. ಅಕ್ಕಪಕ್ಕದವರ ಕಾಲು ನೋಡಿದ ಕೂಡಲೇ ಅವನಿಗೆ ಅರ್ಧ ಸತ್ಯ ತಿಳಿಯಿತು.

ಇಲ್ಲಿ ನಾನೂರು ಮೀಟರಿನ ಇಪ್ಪತ್ತೈದು ಸುತ್ತು. ಉಸಿರು ಧಾರಾಳವಾಗಿ ಬಂತು, ಎದೆ ತುಂಬಿ ಹೊರಗೆ ಚೆಲ್ಲುವಷ್ಟು. ಬೆಟ್ಟದ ರಕ್ತ ಸುಳ್ಳಾಗಿರಲಿಲ್ಲ. ಆದರೂ ಮೂರನೇ ಸುತ್ತಿಗೆ ಮುಂದಿನ ಗುಂಪು ಅವನನ್ನು ಬಿಟ್ಟು ಹೋಯಿತು. ಅವರನ್ನು ಅಟ್ಟಿಸಿಕೊಂಡು ಹೋದರೆ ಹತ್ತನೇ ಸುತ್ತಿಗೆ ನೆಲ ಕಚ್ಚುವುದು ಖಂಡಿತ ಎಂದು ಕಾಲುಗಳು ಹೇಳಿದವು, ಅವನು ಕೇಳಿದ. ಓಡುತ್ತಲೇ ತಲೆ ತನ್ನ ಚಾಳಿಗೆ ಬಿತ್ತು: ಸೆಕೆಗೆ ಇಪ್ಪತ್ತು ಕಳೆ, ಬೆವರಿಗೆ ಹತ್ತು, ಐದು ವರ್ಷ ಕಾಣದ ಮೈದಾನಕ್ಕೆ ಹದಿನೈದು.

ಹದಿನಾರನೇ ಸುತ್ತಿನಲ್ಲಿ ಮುಂದಿನ ಗುಂಪು ಒಂದು ಸುತ್ತು ಹೆಚ್ಚು ಓಡಿ ಹಿಂದಿನಿಂದ ಬಂದು ಅವನನ್ನು ಸೇರಿತು. ಒಂದೈವತ್ತು ಹೆಜ್ಜೆ ಅವನೂ ಅವರೂ ಒಟ್ಟಿಗೆ ಓಡಿದರು. ಸುತ್ತಿನ ಲೆಕ್ಕ ಗೊತ್ತಿಲ್ಲದ ಅಕ್ಕ ಮೆಟ್ಟಿಲ ಮೇಲೆ ಎದ್ದು ನಿಂತು, “ನೋಡ್ರೇ, ನಮ್ಮವನು ಮುಂದಿದಾನೆ! ಬಿಡಬೇಡ ಕಣೋ!” ಎಂದು ಕೂಗಿದಳು. ಹೊಲಿಗೆಯ ಹೆಂಗಸರು ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಕಿವಿಗೆ ಬಿದ್ದಾಗ ಅವನಿಗಾದ ನಾಚಿಕೆ ಅಷ್ಟಿಷ್ಟಲ್ಲ. ತಲೆಯೊಳಗಿನ ಲೆಕ್ಕ ಅಲ್ಲಿಗೇ ನಿಂತಿತು. ಉಳಿದ ಸುತ್ತುಗಳನ್ನು ಅವನು ಹಲ್ಲು ಕಚ್ಚಿ ಓಡಿದ, ಇದ್ದಬದ್ದದ್ದನ್ನೆಲ್ಲ ಸುರಿದು ಓಡಿದ.

ಗೆದ್ದವರು ಓಟ ಮುಗಿಸಿ ನೀರು ಕುಡಿಯುತ್ತಿದ್ದರು. ಅವನು ಇನ್ನೂ ಓಡುತ್ತಿದ್ದ. “ಎಲ್ಲರೂ ನಿಂತ್ರಲ್ಲ, ಇವನ್ಯಾಕೆ ಇನ್ನೂ ಓಡ್ತಿದಾನೆ?” ಎನ್ನುತ್ತಾ ಅಕ್ಕ ಮೆಟ್ಟಿಲಿಳಿದು ಬಂದಳು. ಅವಳು ಗೆರೆಯ ಹತ್ತಿರ ಬರುವುದಕ್ಕೂ ಅವನು ಗೆರೆ ದಾಟಿ ಮಂಡಿಯ ಮೇಲೆ ಕೈಯೂರುವುದಕ್ಕೂ ಸರಿಹೋಯಿತು. ಹತ್ತೊಂಬತ್ತನೆಯ ಸ್ಥಾನ.

“ಎಷ್ಟಾಯ್ತುರೀ?” ಎಂದು ಅಕ್ಕ ಗಂಡನನ್ನು ಕೇಳಿದಳು.

ಭಾವ ಗಡಿಯಾರ ನೋಡಿದರು. ಹೆಂಡತಿಯ ಮುಖ ನೋಡಿದರು. ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಗ್ರಾಂ ಬಿಟ್ಟುಕೊಡದ ಮನುಷ್ಯ ಗಂಟಲು ಸರಿಮಾಡಿಕೊಂಡು, “ಅದೂ... ಬಿಸಿಲು ಜಾಸ್ತಿ ಇತ್ತಲ್ಲ ಇವತ್ತು. ಗಾಳಿನೂ ಇತ್ತು. ಅದನ್ನೆಲ್ಲ ಲೆಕ್ಕ ಹಿಡಿದ್ರೆ, ಹತ್ತಿರ ಹತ್ತಿರ ಮೂವತ್ತೊಂದು...” ಎಂದರು.

“ಬೇಡ ಭಾವ” ಎಂದ ಅವನು, ಬಗ್ಗಿದಲ್ಲಿಂದಲೇ. “ಏನೂ ಕಳೀಬೇಡಿ. ಎಷ್ಟಿದೆಯೋ ಅಷ್ಟು ಹೇಳಿ.”

ಭಾವ ಗಡಿಯಾರವನ್ನು ಅವನ ಕಡೆ ತಿರುಗಿಸಿದರು. ಅವನು ಓದಿದ. “ಮೂವತ್ಮೂರು ನಿಮಿಷ ನಾಲ್ಕು ಸೆಕೆಂಡು ಅಕ್ಕ. ಫೋನಲ್ಲಿ ಹೇಳ್ತಿದ್ನಲ್ಲ, ಆ ಮೂವತ್ತೂವರೆ ನಾನು ಯಾವತ್ತೂ ಓಡಿಲ್ಲ. ಗೋಡೆ ಮೇಲಿನ ಪಟ್ಟಿ ನೋಡಿ ಕಳೆದು ಕಳೆದು ಹೇಳ್ತಿದ್ದೆ.”

ಅಕ್ಕನ ಕಣ್ಣು ಕೆಂಪಾಯಿತು. ಆಮೇಲೆ ಕೇಳಿದಳು, “ಇದಾದ್ರೂ ನಿಜಾನಾ?”

“ನಿಜ.”

“ಮೊದಲು ಇಲ್ಲಿ ಓಡ್ತಿದ್ಯಲ್ಲ, ಅದಕ್ಕಿಂತ ಬೇಗಾನಾ?”

“ಮೂವತ್ತಾರು ಸೆಕೆಂಡು ಬೇಗ. ಇಷ್ಟು ಬೇಗ ಯಾವತ್ತೂ ಓಡಿಲ್ಲ. ಆದ್ರೆ ಸಾಲಲಿಲ್ಲ ಅಕ್ಕ. ಇನ್ನು ಓಡೋಕೂ ಬಿಡಲ್ಲ.” ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಉಕ್ಕಿ ಬಂತು. ಐದು ವರ್ಷದ ಅಳು ಅದು, ಜನ ನೋಡುತ್ತಿದ್ದಾರೆಂದೂ ನಿಲ್ಲಲಿಲ್ಲ.

ಅಕ್ಕ ಸೆರಗಿನಿಂದ ಅವನ ಮುಖದ ಬೆವರನ್ನೂ ಕಣ್ಣೀರನ್ನೂ ಒಟ್ಟಿಗೇ ಒರೆಸಿದಳು. ಆಮೇಲೆ, ದೂರದಿಂದ ಹಿಂಜರಿಯುತ್ತಾ ಬರುತ್ತಿದ್ದ ಹೊಲಿಗೆಯ ಹೆಂಗಸರ ಕಡೆ ತಿರುಗಿ, ಅವರು ಕೇಳುವ ಮೊದಲೇ, ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದಳು: “ಮೂವತ್ಮೂರು ನಾಲ್ಕು ಕಣ್ರೇ! ನಾನೇ ಕಣ್ಣಾರೆ ನೋಡಿದೆ.”